ಬೋರಿನ ನೀರಿನ ಕಲೆ: ಮನೆಯಲ್ಲೇ ಹಲ್ಲು ಬಿಳಿ ಮಾಡಿಕೊಂಡ ನನ್ನ ಅನುಭವ

ನಾನು ಹುಟ್ಟಿ ಬೆಳೆದದ್ದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಈಗ ಕೊಪ್ಪಳದಲ್ಲಿ ಒಂದು ಸಹಕಾರಿ ಸಂಘದ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮೂರಲ್ಲಿ ನನ್ನ ವಯಸ್ಸಿನ ಬಹಳ ಜನರ ಹಲ್ಲು ಒಂದೇ ತರಹ ಇವೆ. ಸುಣ್ಣ ಬಳಿದ ಹಾಗೆ ಬಿಳಿ ಗೆರೆಗಳು, ನಡುವೆ ಕಂದು ಮಚ್ಚೆ. ಶಾಲೆಯಲ್ಲಿದ್ದಾಗ ಇದು ಯಾರಿಗೂ ವಿಶೇಷ ಅನ್ನಿಸಿರಲಿಲ್ಲ. ಡಿಗ್ರಿಗೆ ಹುಬ್ಬಳ್ಳಿಗೆ ಹೋದ ಮೇಲೆ, "ನೀನು ಹಲ್ಲು ಉಜ್ಜಲ್ವಾ?" ಅಂತ ಹಾಸ್ಟೆಲ್‌ನಲ್ಲಿ ಒಬ್ಬಳು ಎಲ್ಲರ ಎದುರು ಕೇಳಿದಳು. ಅವತ್ತಿನಿಂದ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ರೂಢಿಯಾಯಿತು. ಫೋಟೋಗಳಲ್ಲಿ ನಾನು ಬಾಯಿ ಮುಚ್ಚಿಕೊಂಡೇ ಇದ್ದೇನೆ.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ನನ್ನಂಥವರು ಸಾವಿರಾರು ಜನ ಇದ್ದಾರೆ. ಅವರಿಗೆ ಸಿಗುವ ಸಲಹೆಗಳಲ್ಲಿ ಅರ್ಧಕ್ಕರ್ಧ ಹಲ್ಲು ಹಾಳು ಮಾಡುವಂಥವೇ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಹಲ್ಲು ಬಿಳಿ ಮಾಡಿಸಬೇಕು ಅಂತ ಮನೆಯಲ್ಲಿ ಹೇಳಿದ್ದೇ ತಡ, ಒಬ್ಬೊಬ್ಬರು ಒಂದೊಂದು ಹೇಳತೊಡಗಿದರು. ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ತಿಕ್ಕು ಅಂದಳು ಚಿಗವ್ವ. ಇದ್ದಿಲು ಪುಡಿ, ಒಲೆಯ ಬೂದಿ, ಉಪ್ಪು, ಇಟ್ಟಂಗಿ ಪುಡಿ ಎಲ್ಲವೂ ಬಂದವು. ಆಫೀಸಿನಲ್ಲಿ ಒಬ್ಬರು ಮೊಬೈಲ್‌ನಲ್ಲಿ ನೀಲಿ ಲೈಟ್ ಇರುವ ಒಂದು ಕಿಟ್ ತೋರಿಸಿದರು. ಅದರೊಳಗಿನ ಜೆಲ್‌ನಲ್ಲಿ ಏನಿದೆ, ಎಷ್ಟು ಪ್ರಮಾಣದಲ್ಲಿದೆ ಅಂತ ಎಲ್ಲಿಯೂ ಬರೆದಿರಲಿಲ್ಲ. ಇದ್ಯಾವುದನ್ನೂ ಬಾಯಿಗೆ ಹಾಕುವ ಮೊದಲು ಡಾಕ್ಟರಿಗೆ ತೋರಿಸಿಯೇ ಬಿಡೋಣ ಅಂತ ನಿರ್ಧರಿಸಿದೆ.

ಮೊದಲು ಹೋದ ಜಾಗದಲ್ಲಿ ಬಾಯಿ ತೆರೆಸುವ ಮೊದಲೇ ರೇಟು ಹೇಳಿದರು. ಒಂದೇ ದಿನಕ್ಕೆ ಮುಗಿಯುತ್ತದೆ, ಹದಿನಾಲ್ಕು ಸಾವಿರ, ಇವತ್ತೇ ಅಡ್ವಾನ್ಸ್ ಕಟ್ಟಿದರೆ ಸ್ವಲ್ಪ ಕಡಿಮೆ. ನನ್ನ ಮುಂದಿನ ಒಂದು ಹಲ್ಲಿಗೆ ಹಳೆಯ ಸಿಮೆಂಟ್ ತುಂಬಿಸಿದ್ದು ಇದೆ. ಅದಕ್ಕೇನಾಗುತ್ತದೆ ಅಂತ ಕೇಳಿದೆ. "ಏನೂ ಆಗಲ್ಲ ಬಿಡಿ" ಅಂದರು. ಕಲೆ ಯಾವುದರಿಂದ ಬಂದದ್ದು ಅಂತ ನೋಡದೆ ರೇಟು ಹೇಳುವ ಕಡೆ ದುಡ್ಡು ಕಟ್ಟಬೇಡಿ. ನಾನು ಯೋಚಿಸಿ ಬರುತ್ತೇನೆ ಅಂತ ಹೇಳಿ ಹೊರಬಂದೆ.

ಆಮೇಲೆ ಹೋದದ್ದು ಒಂದು ಚಿಕ್ಕ ಕ್ಲಿನಿಕ್ಕಿಗೆ. ಅಲ್ಲಿನ ಡಾಕ್ಟರ್ ಮೇಡಂ ಹಲ್ಲುಗಳ ಮೇಲೆ ಗಾಳಿ ಊದಿ, ಒಣಗಿಸಿ, ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ನಂತರ ಕೇಳಿದ ಮೊದಲ ಪ್ರಶ್ನೆ, "ಯಾವೂರ್ರೀ ನಿಮ್ದು? ಸಣ್ಣಾಕಿದ್ದಾಗ ಬೋರಿನ ನೀರು ಕುಡೀತಿದ್ರೇನು?" ಹೌದು ಅಂದೆ. "ಹಂಗಾರ ಇದು ಹೊಲಸಲ್ಲರಿ. ನೀರಿಂದ ಬಂದದ್ದು" ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ನಾನು ಸರಿಯಾಗಿ ಉಜ್ಜದೇ ಇರುವುದರಿಂದ ಹೀಗಾಗಿದೆ ಅಂತ ಎಲ್ಲರೂ ಹೇಳಿ ಹೇಳಿ, ನಾನೂ ಅದನ್ನೇ ನಂಬಿದ್ದೆ.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ನಮ್ಮ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅನ್ನುವ ಲವಣ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ, ಇದು ನಮ್ಮ ದೇಶದ ಮಾನದಂಡ. ಮಕ್ಕಳ ಶಾಶ್ವತ ಹಲ್ಲುಗಳು ದವಡೆಯೊಳಗೇ ರೂಪುಗೊಳ್ಳುತ್ತಿರುವಾಗ, ಅಂದರೆ ಸುಮಾರು ಎಂಟು ವರ್ಷದವರೆಗೆ, ಜಾಸ್ತಿ ಫ್ಲೋರೈಡ್ ಇರುವ ನೀರು ಕುಡಿದರೆ ಮೇಲ್ಪದರವಾದ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹೊರಗೆ ಬರುವಾಗಲೇ ಗೆರೆ, ಮಚ್ಚೆ ಇರುತ್ತವೆ. ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಒಂದೇ ತರಹ ಇರುವುದು ಇದರ ಗುರುತು. ಚಹಾ, ಅಡಿಕೆ, ತಂಬಾಕಿನ ಕಲೆ ಬೇರೆ. ಅದು ಮೇಲೆ ಕೂತಿರುತ್ತದೆ, ಕ್ಲೀನಿಂಗ್ ಮಾಡಿದರೆ ಬಹಳಷ್ಟು ಹೋಗುತ್ತದೆ. ಒಂದೇ ಒಂದು ಹಲ್ಲು ಕಪ್ಪಾಗಿದ್ದರೆ ಒಳಗಿನ ನರ ಸತ್ತಿರಬಹುದು. ಅದಕ್ಕೆ ಎಕ್ಸ್‌ರೇ ಬೇಕೇ ಬೇಕು. ಮೇಲೆ ಬಿಳಿ ಮಾಡುವ ಜೆಲ್ ಹಚ್ಚುತ್ತಾ ಕೂತರೆ ನಿಜವಾದ ರೋಗ ಹಾಗೇ ಉಳಿಯುತ್ತದೆ.

ಚಿಗವ್ವ ಹೇಳಿದ ಮನೆಮದ್ದಿನ ಬಗ್ಗೆಯೂ ಕೇಳಿದೆ. ನಿಂಬೆರಸ ಬಹಳ ಹುಳಿ. ಹುಳಿಯನ್ನು ಅಳೆಯುವ ಪಿ.ಎಚ್. ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ; ಬಾಯಿಯ ಪಿ.ಎಚ್. ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್ ಕರಗತೊಡಗುತ್ತದೆ, ನಿಂಬೆರಸದ್ದು ಅದಕ್ಕಿಂತ ತುಂಬಾ ಕೆಳಗಿದೆ. ಆಮ್ಲದಿಂದ ಮೆತ್ತಗಾದ ಪದರವನ್ನು ಬ್ರಷ್‌ನಿಂದ ತಿಕ್ಕಿದರೆ ಇನ್ನೂ ಸವೆಯುತ್ತದೆ. ಬರೀ ಅಡುಗೆ ಸೋಡಾ ಮೇಲಿನ ಕಲೆಯನ್ನು ಸ್ವಲ್ಪ ತೆಗೆಯಬಹುದು, ಆದರೆ ಒಳಗಿನ ಬಣ್ಣಕ್ಕೆ ಏನೂ ಮಾಡುವುದಿಲ್ಲ. ಇದ್ದಿಲು, ಬೂದಿ, ಇಟ್ಟಂಗಿ ಪುಡಿ ಇವೆಲ್ಲ ಹಲ್ಲನ್ನು ತೇಯುತ್ತವೆ. ಎನಾಮೆಲ್ ಕೆಳಗಿನ ಪದರದ ಬಣ್ಣವೇ ಹಳದಿ. ಹಾಗಾಗಿ ತಿಕ್ಕಿದಷ್ಟೂ ಕಾಲಾಂತರದಲ್ಲಿ ಹಲ್ಲು ಹಳದಿಯಾಗಿಯೇ ಕಾಣುತ್ತದೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಈ ಮಾತು ನನ್ನನ್ನು ತುಂಬಾ ಕಾಡಿತು. ನಮ್ಮೂರಿನ ಹಿರಿಯರ ಸವೆದ ಹಲ್ಲುಗಳು ಕಣ್ಣ ಮುಂದೆ ಬಂದವು.

ಅವತ್ತೇ ಜೆಲ್ ಕೊಡುತ್ತಾರೆ ಅಂದುಕೊಂಡಿದ್ದೆ, ಕೊಡಲಿಲ್ಲ. ಎಕ್ಸ್‌ರೇಯಲ್ಲಿ ಹಿಂದಿನ ಎರಡು ಹಲ್ಲಿನ ಸಂದಿಯಲ್ಲಿ ಹುಳುಕು ಕಂಡಿತು. ನನಗೆ ಅಲ್ಲಿ ನೋವೇ ಇರಲಿಲ್ಲ. ಹುಳುಕಿನೊಳಗೆ ಜೆಲ್ ಇಳಿದರೆ ನರಕ್ಕೆ ತಾಗಿ ವಿಪರೀತ ನೋವಾಗುತ್ತದೆ, ಹಾಗಾಗಿ ಮೊದಲು ಅದನ್ನು ತುಂಬಿಸಬೇಕು ಅಂದರು. ವಸಡಿನಲ್ಲಿ ರಕ್ತ ಬರುತ್ತಿದ್ದುದರಿಂದ ಕ್ಲೀನಿಂಗ್ ಕೂಡ ಆಗಬೇಕಿತ್ತು. ಅದಾದ ಮೇಲೆ ವಸಡು ಗುಣವಾಗುವವರೆಗೆ ಕಾಯಬೇಕು. ತಪಾಸಣೆಗೆ ಇನ್ನೂರು, ಎಕ್ಸ್‌ರೇಗೆ ಇನ್ನೂರೈವತ್ತು, ಕ್ಲೀನಿಂಗಿಗೆ ಒಂಬೈನೂರು, ಫಿಲ್ಲಿಂಗಿಗೆ ಸಾವಿರ. ಬಿಳಿ ಮಾಡುವ ಕೆಲಸ ಶುರುವಾಗುವ ಮೊದಲೇ ಇಷ್ಟು ಖರ್ಚಾಯಿತು. ನಿಮಗೂ ಹೀಗೆ ಆಗಬಹುದು, ಅದಕ್ಕೆ ಬೇರೆ ದುಡ್ಡು ಇಟ್ಟುಕೊಂಡೇ ಹೊರಡಿ. ನನ್ನ ಆರೋಗ್ಯ ವಿಮೆಯಲ್ಲಿ ಇದ್ಯಾವುದೂ ಬರಲಿಲ್ಲ. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆ ಅಂತ ಕೈಬಿಟ್ಟರು.

ಇಲ್ಲಿ ಒಂದು ಮಾತು. ಗರ್ಭಿಣಿಯರು, ಎದೆಹಾಲು ಕುಡಿಸುವವರು ಹಲ್ಲು ಬಿಳಿ ಮಾಡಿಸುವುದನ್ನು ಮುಂದೂಡಬೇಕು ಅಂತ ಮೇಡಂ ಸ್ಪಷ್ಟವಾಗಿ ಹೇಳಿದರು. ಕಾಗದದ ಮೇಲೆ ಸಹಿ ಮಾಡಿಸಿಕೊಳ್ಳುವಾಗ ಮೊದಲ ಪ್ರಶ್ನೆಯೇ ಅದು. ನಂತರ ಯಾವ ಔಷಧಿಗೆ ಅಲರ್ಜಿ ಇದೆ, ತಂಬಾಕು ಬಳಸುತ್ತೀರಾ, ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತದಾ ಅಂತೆಲ್ಲ ಕೇಳಿದರು. ಇವನ್ನು ಮುಚ್ಚಿಡಬೇಡಿ. ಹಲ್ಲಿನ ಬಣ್ಣವನ್ನು ಒಂದು ಪಟ್ಟಿಗೆ ಹೋಲಿಸಿ ನೋಡಿ, ಬರೆದುಕೊಂಡು, ಫೋಟೋ ತೆಗೆದರು. ಆ ಫೋಟೋದ ಒಂದು ಪ್ರತಿ ನಿಮ್ಮ ಫೋನಿಗೂ ಹಾಕಿಸಿಕೊಳ್ಳಿ. ನಿತ್ಯ ಕನ್ನಡಿಯಲ್ಲಿ ನೋಡುವವರಿಗೆ ಬದಲಾವಣೆ ಗೊತ್ತೇ ಆಗುವುದಿಲ್ಲ.

ವಸಡು ಸರಿಯಾದ ಮೇಲೆ ಹಲ್ಲಿನ ಅಚ್ಚು ತೆಗೆದರು. ಬಾಯಿ ತುಂಬಾ ತಣ್ಣನೆಯ ಹಿಟ್ಟಿನಂಥದ್ದು ಒತ್ತಿ ಹಿಡಿದಾಗ ವಾಂತಿ ಬಂದಂತಾಯಿತು. ಮೂಗಿನಿಂದ ಉಸಿರಾಡಿ, ತಲೆ ಮುಂದಕ್ಕೆ ಬಾಗಿಸಿ ಅಂದರು, ಆಗ ತಡೆಯಿತು. ಹೊಟ್ಟೆ ತುಂಬಾ ಉಂಡು ಹೋಗಬೇಡಿ. ಆ ಅಚ್ಚಿನಿಂದ ಮೆತ್ತನೆಯ ಪಾರದರ್ಶಕ ಪ್ಲಾಸ್ಟಿಕ್ಕಿನ ಟ್ರೇ ಮಾಡಿಸುತ್ತಾರೆ, ಮೇಲಿನದು ಒಂದು, ಕೆಳಗಿನದು ಒಂದು. ಲ್ಯಾಬ್ ಬೇರೆ ಊರಿನಲ್ಲಿ ಇದ್ದುದರಿಂದ ತಡವಾಯಿತು. ಬಂದದ್ದರಲ್ಲಿ ಕೆಳಗಿನ ಟ್ರೇ ವಸಡಿಗೆ ಚುಚ್ಚುತ್ತಿತ್ತು, ಮೇಡಂ ಅಲ್ಲೇ ಕತ್ತರಿಸಿ ಸರಿ ಮಾಡಿದರು. ಟ್ರೇ ನಮ್ಮ ಹಲ್ಲಿಗೇ ಸರಿಯಾಗಿ ಕೂರುವುದರಲ್ಲೇ ಸುರಕ್ಷತೆ ಇದೆ. ಎಲ್ಲರಿಗೂ ಒಂದೇ ಅಳತೆಯ ಟ್ರೇಯಿಂದ ಜೆಲ್ ವಸಡಿನ ಮೇಲೆ ಸೋರುತ್ತದೆ. ಟ್ರೇ ಮತ್ತು ಜೆಲ್ ಸೇರಿ ಆರೂವರೆ ಸಾವಿರವಾಯಿತು.

ನನಗೆ ಕೊಟ್ಟದ್ದು ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್. ಅದು ಬಾಯಿಯಲ್ಲಿ ಒಡೆದು ಸುಮಾರು ಶೇಕಡಾ 3.5ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ, ಬಣ್ಣ ತಿಳಿಯಾಗಿಸುವುದು ಅದೇ. ಅರ್ಧದಷ್ಟು ಶಕ್ತಿ ಮೊದಲ ಎರಡು ಗಂಟೆಗಳಲ್ಲೇ ಖರ್ಚಾಗಿ, ಉಳಿದದ್ದು ನಿಧಾನವಾಗಿ ರಾತ್ರಿಯೆಲ್ಲ ಕೆಲಸ ಮಾಡುತ್ತದೆ. ರಾತ್ರಿ ಟ್ರೇ ಹಾಕಿಕೊಳ್ಳುವ ಈ ವಿಧಾನ ಹೊಸದಲ್ಲ. ದಂತ ವೈದ್ಯರು 1989ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. 16, 22ರ ಜೆಲ್‌ಗಳೂ ಸಿಗುತ್ತವೆ. ಬೇಗ ಆಗಲಿ ಅಂತ ಅದನ್ನೇ ಕೊಡಿ ಅಂದೆ. "ಕಡೀಕ ಮುಟ್ಟೋದು ಹೆಚ್ಚುಕಡಿಮಿ ಒಂದ ಕಡೀಗೆ. ಜೋರಿಂದು ತಗೊಂಡ್ರ ನೋವು ಜಾಸ್ತಿ ಅಷ್ಟ" ಅಂದರು ಮೇಡಂ. ಗಾಯಕ್ಕೆ ಹಚ್ಚಲು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ತಂದು ಹಲ್ಲಿಗೆ ಬಳಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ರಾತ್ರಿ ಊಟ ಮುಗಿಸಿ, ಹಲ್ಲು ಉಜ್ಜಿ, ಟ್ರೇಯಲ್ಲಿ ಒಂದೊಂದು ಹಲ್ಲಿನ ಜಾಗದ ಮುಂಭಾಗಕ್ಕೆ ಅಕ್ಕಿಕಾಳಿನಷ್ಟು ಜೆಲ್ ಇಡಬೇಕು. ತುಂಬಿಸಬಾರದು. ಹಾಕಿಕೊಂಡ ಮೇಲೆ ವಸಡಿನ ಮೇಲೆ ಉಕ್ಕಿದ್ದನ್ನು ಹತ್ತಿಯಿಂದ ಒರೆಸಬೇಕು. ಶುರುವಿನ ರಾತ್ರಿಗಳಲ್ಲಿ ನನಗೆ ನಿದ್ದೆ ಬರಲಿಲ್ಲ, ಬಾಯಿ ತುಂಬಾ ಜೊಲ್ಲು. ಹಾಗಾಗಿ ಸಂಜೆ ಎರಡು ಗಂಟೆ ಹಾಕಿಕೊಂಡು ರೂಢಿ ಮಾಡಿಕೊಂಡು, ಆಮೇಲೆ ರಾತ್ರಿಗೆ ಬದಲಾಯಿಸಿದೆ. ಬೆಳಿಗ್ಗೆ ಟ್ರೇಯನ್ನು ತಣ್ಣೀರಲ್ಲೇ ತೊಳೆಯಬೇಕು. ಬಿಸಿನೀರಿಗೆ ಅದರ ಆಕಾರ ಕೆಡುತ್ತದೆ. ಒಣಗಿಸಿ ಗಾಳಿಯಾಡುವ ಡಬ್ಬಿಯಲ್ಲಿ ಇಡಬೇಕು.

ನಮ್ಮ ಕಡೆಯವರು ಗಮನಿಸಬೇಕಾದದ್ದು ಬಿಸಿಲು. ಪೆರಾಕ್ಸೈಡ್ ಜೆಲ್ ಶಾಖಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ಕೊಪ್ಪಳದಲ್ಲಿ 40 ಡಿಗ್ರಿ ಸಾಮಾನ್ಯ. ಸಿರಿಂಜ್‌ಗಳನ್ನು ಫ್ರಿಜ್‌ನಲ್ಲಿ ಇಟ್ಟೆ, ಮಕ್ಕಳ ಕೈಗೆ ಸಿಗದಂತೆ ಮೇಲಿನ ಹಂತದಲ್ಲಿ. ಮಧ್ಯದಲ್ಲಿ ಜೆಲ್ ಮುಗಿದಾಗ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಒಬ್ಬರು ಹೇಳಿದರು. ಕೊರಿಯರ್ ಗಾಡಿಯೊಳಗೆ ಎಷ್ಟು ದಿನ ಬೆಂದಿರುತ್ತದೋ ಏನೋ ಅಂತ ಕ್ಲಿನಿಕ್ಕಿನಿಂದಲೇ ತಗೊಂಡೆ. ಸಿರಿಂಜಿನ ಮೇಲೆ ಶೇಕಡಾ ಎಷ್ಟು ಅಂತಲೂ, ಅವಧಿ ಮುಗಿಯುವ ತಾರೀಖೂ ಇದೆಯಾ ನೋಡಿಕೊಳ್ಳಿ.

ಊಟದ್ದೇ ದೊಡ್ಡ ಪಜೀತಿ. ಬಣ್ಣ ಬಿಡುವ ಯಾವುದೂ ಬೇಡ ಅಂದರು. ನಮ್ಮ ಅಡುಗೆಯಲ್ಲಿ ಅರಿಶಿಣ ಇಲ್ಲದ್ದು ಯಾವುದಿದೆ? ಅವ್ವ ಊರಿನಿಂದ ಬಂದವಳು ನನಗಾಗಿ ಒಗ್ಗರಣೆಗೆ ಅರಿಶಿಣ ಬಿಟ್ಟಳು. ಜೋಳದ ರೊಟ್ಟಿ, ಮೊಸರು, ಅರಿಶಿಣ ಹಾಕದ ಹೆಸರುಬೇಳೆ, ಮೊಸರನ್ನ, ಇದರಲ್ಲೇ ಕಳೆಯಿತು. ಕೆಂಪು ಖಾರದ ಹಿಂಡಿ, ಬೀಟ್‌ರೂಟ್, ದಾಳಿಂಬೆ ಬಂದ್. ಚಹಾ ಬಿಡುವುದು ನನ್ನಿಂದ ಆಗಲಿಲ್ಲ. ಮೇಡಂಗೆ ಹೇಳಿದಾಗ, ಹಾಲು ಜಾಸ್ತಿ ಹಾಕಿ ದಿನಕ್ಕೆ ಒಂದೇ ಸಲ, ಬಾಯಲ್ಲಿ ಹಿಡಿಯದೆ ಕುಡಿದು ತಕ್ಷಣ ಬಾಯಿ ಮುಕ್ಕಳಿಸಿ ಅಂದರು. ಲಿಂಬು ಶರಬತ್ತು, ಸೋಡಾ ಕೂಡ ಬೇಡ. ಹುಳಿ ತಗೊಂಡ ತಕ್ಷಣ ಬ್ರಷ್ ಮಾಡಬಾರದು, ಅರ್ಧ ಗಂಟೆಯಾದರೂ ಬಿಡಬೇಕು.

ಮೊದಲ ವಾರ ಮುಗಿಯುವಷ್ಟರಲ್ಲಿ ಹಲ್ಲು ಜುಮ್ ಅನ್ನತೊಡಗಿತು. ಕೌಂಟರಿನಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಮುಂದಿನ ಹಲ್ಲಿನೊಳಗೆ ಕರೆಂಟ್ ಹೊಡೆದಂತೆ ಚಳುಕು ಬರುತ್ತಿತ್ತು. ಫ್ಯಾನಿನ ಗಾಳಿಗೂ ಬರುತ್ತಿತ್ತು. ಹಲ್ಲೇ ಹೋಯಿತೇನೋ ಅಂತ ಹೆದರಿ ಫೋನ್ ಮಾಡಿದೆ. ಇದು ಬಹಳ ಜನರಿಗೆ ಆಗುತ್ತದೆ, ನಿಲ್ಲಿಸಿದರೆ ಕಡಿಮೆಯಾಗುತ್ತದೆ ಅಂತ ಧೈರ್ಯ ಹೇಳಿದರು. ಎರಡು ಮೂರು ರಾತ್ರಿ ಬಿಡುವು ಕೊಟ್ಟೆ. ಶೇಕಡಾ 5ರ ಪೊಟ್ಯಾಸಿಯಂ ನೈಟ್ರೇಟ್ ಇರುವ, ಜುಮ್ ಅನ್ನುವ ಹಲ್ಲಿಗೆಂದೇ ಬರುವ ಟೂತ್‌ಪೇಸ್ಟನ್ನು ಅದೇ ಟ್ರೇಯಲ್ಲಿ ಹಾಕಿ ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳಲು ಹೇಳಿದರು. ಅದರಿಂದ ನನಗೆ ನಿಜವಾಗಿಯೂ ಆರಾಮಾಯಿತು. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ ಮುಂದುವರಿಸಿದೆ. ನಿಧಾನವಾದರೂ ಪರವಾಗಿಲ್ಲ, ಹಟ ಹಿಡಿದು ನೋವಿನಲ್ಲಿ ಮುಂದುವರಿಸಬೇಡಿ. ಚಳುಕು ಬಂದು ಹೋಗುವುದು ಬೇರೆ. ಒಂದೇ ಹಲ್ಲು ಎಡೆಬಿಡದೆ ನೋಯುತ್ತಿದ್ದರೆ, ವಸಡು ಬಾತುಕೊಂಡರೆ, ಜೆಲ್ ನಿಲ್ಲಿಸಿ ಅವತ್ತೇ ತೋರಿಸಿ.

ನನ್ನನ್ನು ನೋವಿಗಿಂತ ಹೆಚ್ಚು ಕುಗ್ಗಿಸಿದ್ದು ಬಿಳಿ ಗೆರೆಗಳು. ಕೆಲವು ದಿನ ಆದ ಮೇಲೆ ಬೆಳಿಗ್ಗೆ ಕನ್ನಡಿ ನೋಡಿದರೆ ಗೆರೆಗಳು ಮೊದಲಿಗಿಂತ ಎದ್ದು ಕಾಣುತ್ತಿದ್ದವು. ದುಡ್ಡು ಕೊಟ್ಟು ಇನ್ನೂ ಕೆಡಿಸಿಕೊಂಡೆನಾ ಅಂತ ಅಳುವೇ ಬಂತು. ಫ್ಲೋರೈಡ್ ಕಲೆ ಇರುವವರಿಗೆ ಇದು ಆಗುತ್ತದೆ ಅಂತ ಮೇಡಂ ಮೊದಲೇ ಹೇಳಿದ್ದರು. ಆದರೂ ಕಣ್ಣಾರೆ ಕಂಡಾಗ ತಡೆದುಕೊಳ್ಳುವುದು ಕಷ್ಟ. ಹಲ್ಲಿನ ತೇವ ಆರುವುದರಿಂದ ಮೊದಮೊದಲು ಗೆರೆಗಳು ಎದ್ದು ಕಾಣುತ್ತವೆ. ಸುತ್ತಲಿನ ಬಣ್ಣ ತಿಳಿಯಾಗುತ್ತಾ ಬಂದಂತೆ ವ್ಯತ್ಯಾಸ ಕಡಿಮೆಯಾಗುತ್ತದೆ. ನನಗೂ ಹಾಗೇ ಆಯಿತು. ಹಳದಿ ಮೊದಲು ಹೋಯಿತು, ಕಂದು ಮಚ್ಚೆ ತಿಳಿಯಾಗುತ್ತಾ ಬಂತು. ಬಿಳಿ ಗೆರೆ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಬರೀ ಹಳದಿ ಇರುವವರಿಗೆ ಎರಡರಿಂದ ಆರು ವಾರ ಸಾಕಾಗುತ್ತದೆ. ನನಗೆ ತಿಂಗಳುಗಳೇ ಹಿಡಿದವು.

ಒಂದು ಹಂತದ ಮೇಲೆ ಬದಲಾವಣೆ ನಿಂತಿತು. ಎರಡು ಹಲ್ಲಿನ ಮೇಲೆ ಕಂದು ಇನ್ನೂ ಉಳಿದಿತ್ತು. ಇದಕ್ಕೆ ಜೆಲ್ ಮುಂದುವರಿಸಿ ಉಪಯೋಗವಿಲ್ಲ, ಬಳ್ಳಾರಿಯಲ್ಲಿ ದಂತ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸಿ ಅಂತ ಚೀಟಿ ಬರೆದುಕೊಟ್ಟರು. ಕೊಪ್ಪಳದಿಂದ ಹೊಸಪೇಟೆ ಮೇಲೆ ಬಳ್ಳಾರಿಗೆ ರೈಲಿದೆ, ಬೆಳಗಿನ ಗಾಡಿ ಹಿಡಿದೆ. ಆಧಾರ್ ಕಾರ್ಡ್, ಹಳೆಯ ಎಕ್ಸ್‌ರೇ, ಮೇಡಂ ಬರೆದ ಚೀಟಿ, ಮೊದಲಿನ ಫೋಟೋ ಎಲ್ಲ ಇಟ್ಟುಕೊಂಡಿದ್ದೆ. ಹೊರರೋಗಿ ಚೀಟಿ ಮಾಡಿಸಿ, ಒಂದು ವಿಭಾಗದಲ್ಲಿ ನೋಡಿಸಿ, ಅಲ್ಲಿಂದ ಇನ್ನೊಂದಕ್ಕೆ ಹೋಗಬೇಕು. ಇಡೀ ದಿನದ ರಜೆ ಹಾಕಿಯೇ ಹೋಗಿ. ಕಲಿಯುತ್ತಿರುವ ಡಾಕ್ಟರುಗಳು ಮೊದಲು ನೋಡುತ್ತಾರೆ, ಹಿರಿಯರು ಬಂದು ಪರಿಶೀಲಿಸುತ್ತಾರೆ. ಸಮಯ ಹಿಡಿಯುತ್ತದೆ, ಆದರೆ ಖರ್ಚು ಬಹಳ ಕಡಿಮೆ. ರಾಯಚೂರಿನಲ್ಲೂ ದಂತ ಕಾಲೇಜುಗಳಿವೆ, ಆ ಕಡೆಯವರಿಗೆ ಅದೇ ಹತ್ತಿರ.

ಅಲ್ಲಿ ಮಾಡಿದ್ದು ಮೈಕ್ರೋಅಬ್ರೇಶನ್. ಹಲ್ಲುಗಳ ಸುತ್ತ ರಬ್ಬರ್ ಹಾಳೆ ಕಟ್ಟಿ, ಹೈಡ್ರೋಕ್ಲೋರಿಕ್ ಆಮ್ಲ ಸೇರಿದ ಪೇಸ್ಟಿನಿಂದ ಮೇಲಿನ ಪದರವನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ಮಾತ್ರ ತೆಗೆಯುತ್ತಾರೆ. ನೋವಾಗಲಿಲ್ಲ. ಇದನ್ನು ಓದಿ ಮನೆಯಲ್ಲಿ ಆಮ್ಲದ ಪ್ರಯೋಗಕ್ಕೆ ಯಾರೂ ಕೈ ಹಾಕಬೇಡಿ. ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ಕಂದು ಮಚ್ಚೆ ಈಗ ಹತ್ತಿರದಿಂದ ಹುಡುಕಿದರೆ ಮಾತ್ರ ಕಾಣುತ್ತದೆ.

ಇದನ್ನೆಲ್ಲ ನೋಡಿದ ವೈನಿ, ಅಣ್ಣನ ಮಗಳಿಗೂ ಉಳಿದ ಜೆಲ್ ಹಚ್ಚೋಣ ಅಂದಳು. ಅವಳಿಗೆ ಹನ್ನೊಂದು ವರ್ಷ, ಮುಂದಿನ ಹಲ್ಲಿನಲ್ಲಿ ಅದೇ ಗೆರೆಗಳು. ಹಲ್ಲು ಇನ್ನೂ ಬೆಳೆಯುತ್ತಿರುತ್ತದೆ, ಹದಿನೆಂಟರವರೆಗೆ ಕಾಯುವುದೇ ಒಳ್ಳೆಯದು ಅಂತ ಮೇಡಂ ಹೇಳಿದ್ದನ್ನು ತಿಳಿಸಿದೆ. ಆದರೆ ಅವಳ ತಮ್ಮನಿಗೆ ಇನ್ನೂ ಮೂರು ವರ್ಷ. ಅವನ ಹಲ್ಲು ಈಗ ದವಡೆಯೊಳಗೆ ತಯಾರಾಗುತ್ತಿವೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ವೈನಿ ನಂಬಿದ್ದಳು. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕುಡಿಯಲು ಮಾತ್ರ ಕ್ಯಾನ್ ತರುತ್ತಿದ್ದರು, ಅಡುಗೆಗೆ ಬೋರಿನ ನೀರೇ. ಈಗ ಬೇಳೆ ಬೇಯಿಸಲೂ ಘಟಕದ ನೀರನ್ನೇ ಹಾಕುತ್ತಿದ್ದಾರೆ. ನೀವೂ ನಿಮ್ಮ ಬೋರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಪಂಚಾಯಿತಿಯಲ್ಲಿ ಕೇಳಿ.

ನನ್ನದು ಕೊನೆಗೆ ಉಳಿದದ್ದು ಮುಂದಿನ ಹಲ್ಲಿನ ಹಳೆಯ ಫಿಲ್ಲಿಂಗ್. ಜೆಲ್ ಹಲ್ಲಿನ ಬಣ್ಣ ಮಾತ್ರ ಬದಲಿಸುತ್ತದೆ, ಸಿಮೆಂಟು, ಕ್ಯಾಪ್‌ಗಳದ್ದಲ್ಲ. ಹಾಗಾಗಿ ಸುತ್ತಲೂ ಬಿಳಿಯಾಗಿ ಅದೊಂದು ಹಳದಿಯಾಗಿ ಉಳಿಯಿತು. ಕೂಡಲೇ ಬದಲಿಸಲೂ ಆಗುವುದಿಲ್ಲ. ಪೆರಾಕ್ಸೈಡಿನ ಆಮ್ಲಜನಕ ಹಲ್ಲಿನಲ್ಲಿ ಉಳಿದಿರುವವರೆಗೆ ಹೊಸ ಫಿಲ್ಲಿಂಗ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಎರಡು ವಾರ ಕಾಯಬೇಕು. ಬಣ್ಣವೂ ಆ ಅವಧಿಯಲ್ಲಿ ಒಂಚೂರು ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಅದಾದ ಮೇಲೆ ಹೊಂದುವ ಬಣ್ಣ ನೋಡಿ ಹಾಕಿದರು, ಸಾವಿರದ ಇನ್ನೂರು. ಹೆಚ್ಚುವರಿ ಜೆಲ್, ಬಳ್ಳಾರಿ ಓಡಾಟ ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ ಬಂತು. ಟ್ರೇಗಳನ್ನು ಎಸೆದಿಲ್ಲ. ಮುಂದೆ ಬಣ್ಣ ಮಂಕಾದರೆ ಕೆಲವು ರಾತ್ರಿ ಮತ್ತೆ ಹಾಕಿಕೊಂಡರೆ ಸಾಕು, ಆದರೆ ಮೊದಲು ಬಂದು ಹುಳುಕು ಇದೆಯಾ ನೋಡಿಸಿಕೊಂಡು ಆಮೇಲೆ ಮಾತ್ರ ಅಂದಿದ್ದಾರೆ.